ಪರೀಕ್ಷಿಸಲಾಗಿದೆ ಎಂಬ ಚೀಟಿ

ಹೆದರುವವರಿಗೆ ಯಾವ ಕೆಲಸ ಹೊಂದುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಕಣ್ಣುಮುಚ್ಚಿ ಹೇಳುತ್ತೇನೆ, ಬೆಂಕಿ ನಂದಿಸುವ ಸಾಮಾನು ಮಾರುವ ಕೆಲಸ. ಧೈರ್ಯವಂತರು ಈ ದಂಧೆಯಲ್ಲಿ ಒಂದು ವರ್ಷವೂ ಬಾಳುವುದಿಲ್ಲ. "ಏ, ಎಂತ ಆಗ್ತು ಮಾರಾಯಾ, ಬೆಂಕಿ ಬಿದ್ದಾಗ ನೋಡ್ಕಂಡ್ರಾತು" ಎನ್ನುವವನು ಗಿರಾಕಿಗೆ ಏನು ಮಾರಿಯಾನು? ನಾನಾದರೋ ಹುಟ್ಟಾ ಪುಕ್ಕಲ. ಒಮ್ಮೆ ಸಿದ್ದಾಪುರಕ್ಕೆ ಹೊರಟ ಬಸ್ಸನ್ನು ಶಿರಸಿ ದಾಟುವ ಮೊದಲೇ ನಿಲ್ಲಿಸಿ, ಕಂಡಕ್ಟರನ ಬೈಗುಳ ತಿಂದು ಇಳಿದು, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದ್ದೇನೋ ಇಲ್ಲವೋ ಎಂದು ಮನೆಗೆ ಓಡಿದ್ದೆ. ಬೆಳಗಿನಿಂದ ಕರೆಂಟೇ ಇರಲಿಲ್ಲ ಎಂಬುದು ಮನೆ ಮುಟ್ಟಿದ ಮೇಲೆ ನೆನಪಾಯಿತು. ನನ್ನ ಹೆಂಡತಿ ಸರೋಜ ಇದನ್ನು ಈಗಲೂ ನೆಂಟರಿಷ್ಟರ ಎದುರು ಹೇಳಿ ನಗುತ್ತಾಳೆ. ನಗಲಿ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಬೆಂಕಿಯ ಹೆದರಿಕೆಯನ್ನಲ್ಲ, ಅಂಗೈ ಅಗಲದ ಒಂದು ಹಳದಿ ಚೀಟಿಯ ಹೆದರಿಕೆಯನ್ನು.

ಶಿರಸಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಟಾರ್ಚು, ಪಂಪಿನ ವಾಷರು, ಫ್ಯೂಸು ತಂತಿ ಇವುಗಳ ನಡುವೆ ಕೆಂಪು ಬಣ್ಣದ ಬೆಂಕಿ ನಂದಿಸುವ ಸಿಲಿಂಡರುಗಳನ್ನು ಮಾರುವುದು, ವರ್ಷಕ್ಕೊಮ್ಮೆ ಹೋಗಿ ನೋಡಿ, ಪುಡಿ ಕೆಟ್ಟಿದ್ದರೆ ಬದಲಿಸಿ ಬರುವುದು ನನ್ನ ಉದ್ಯೋಗ. ಇದೇ ಉದ್ಯೋಗದವರು ಸಿದ್ದಾಪುರದಲ್ಲಿ ಒಬ್ಬರು, ಯಲ್ಲಾಪುರದಲ್ಲಿ ಒಬ್ಬರು ಇದ್ದರು. ಸಿದ್ದಾಪುರದವರು ಹೇರೂರಿನ ಹೆಗಡೆಯವರು, ಯಲ್ಲಾಪುರದವರು ನಂದೊಳ್ಳಿಯ ನಾಯ್ಕರು. ತೊಂಬತ್ತರ ದಶಕದ ಕೊನೆಗೆ ಮೂವರೂ ಸೇರಿ ಒಂದು ಸಂಘ ಕಟ್ಟಿದೆವು. ನಾಯ್ಕರು ಅಧ್ಯಕ್ಷರು, ಹೆಗಡೆಯವರು ಖಜಾಂಚಿ, ನಾನು ಕಾರ್ಯದರ್ಶಿ. ಸಾಮಾನ್ಯ ಸದಸ್ಯ ಎಂಬ ಜಾತಿಯೇ ನಮ್ಮಲ್ಲಿರಲಿಲ್ಲ. ಆದ್ದರಿಂದ ಸಭೆಯಲ್ಲಿ ಮೂವರೂ ವೇದಿಕೆಯ ಮೇಲೆ ಕೂತರೆ ಕೆಳಗೆ ಯಾರೂ ಇರುತ್ತಿರಲಿಲ್ಲ. ಒಮ್ಮೆ ನಾನೇ ವಂದನಾರ್ಪಣೆ ಮಾಡಿ, ನಾನೇ ಚಪ್ಪಾಳೆ ತಟ್ಟಿದ್ದೂ ಉಂಟು.

ಸಂಘದ ಕೆಲಸ ಎರಡು. ಒಂದು, ಮಾನಕ. ಇನ್ನೊಂದು, ತರಬೇತಿ. ಮಾನಕ ಎಂದರೆ ಎಲ್ಲರೂ ಒಂದೇ ರೀತಿ ಕೆಲಸ ಮಾಡಬೇಕು ಎಂಬ ಕಟ್ಟಳೆ. ಅದಕ್ಕೆ ಮೊದಲು ಸಿಲಿಂಡರಿನೊಳಗಿನ ಪುಡಿ ಚೆನ್ನಾಗಿದೆಯೇ ಎಂದು ತಿಳಿಯಲು ನಾಯ್ಕರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು, ಹೆಗಡೆಯವರು ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು, ನಾನು ಹಲಸಿನಹಣ್ಣಿಗೆ ಬಡಿದಂತೆ ಬೆರಳ ಗಿಣ್ಣಿನಿಂದ ಬಡಿದು ನೋಡುತ್ತಿದ್ದೆ. ಹುಬ್ಬಳ್ಳಿಯಲ್ಲಿದ್ದ ನಮ್ಮ ದೊಡ್ಡ ಸಂಘದವರಿಗೆ ಈ ಸುದ್ದಿ ಮುಟ್ಟಿ ಅವರು ಹೌಹಾರಿ ಒಂದು ದಪ್ಪ ಪುಸ್ತಕ ಕಳಿಸಿದರು. ಅದನ್ನು ಕನ್ನಡಕ್ಕೆ ಇಳಿಸಿದವನು ನಾನೇ. ಅದರ ಏಳನೆಯ ಕಲಮು ಹೀಗಿತ್ತು: "ವರ್ಷಕ್ಕೊಮ್ಮೆ ಮುಚ್ಚಳ ತೆರೆದು ಪುಡಿಯನ್ನು ಕಣ್ಣಾರೆ ನೋಡತಕ್ಕದ್ದು. ನೋಡಿದ ಮೇಲೆಯೇ 'ಪರೀಕ್ಷಿಸಲಾಗಿದೆ' ಎಂಬ ಚೀಟಿ ಹಚ್ಚತಕ್ಕದ್ದು." ಆ 'ತಕ್ಕದ್ದು' ನನ್ನದೇ. ಬರೆಯುವಾಗ ಬಹಳ ಗತ್ತಿನದೆಂದು ಕಂಡಿತ್ತು.

ತರಬೇತಿಯ ಕತೆ ಬೇರೆ. ಮೊದಲ ತರಬೇತಿಯನ್ನು ಹೇರೂರಿನಲ್ಲಿ ಇಟ್ಟುಕೊಂಡಿದ್ದೆವು. ಎಲ್ಲರಂತೆ ದೀಪ ಹಚ್ಚಿ ಉದ್ಘಾಟಿಸುವ ಬದಲು, ಉರಿಯುವ ದೀಪವನ್ನು ನಮ್ಮ ಸಿಲಿಂಡರಿನಿಂದ ಆರಿಸಿ ಉದ್ಘಾಟಿಸೋಣ ಎಂದು ನಾಯ್ಕರಿಗೆ ಹೊಳೆಯಿತು. ಮುಖ್ಯ ಅತಿಥಿಯಾಗಿ ಬಂದ ಊರ ಹಿರಿಯರೊಬ್ಬರು ಇದನ್ನು ಕೇಳಿ ಶಾಲು ಕೊಡವಿ ಎದ್ದುಬಿಟ್ಟರು. "ದೀಪ ಆರ್ಸಿ ಕಾರ್ಯಕ್ರಮ ಶುರು ಮಾಡ್ತ್ರಾ? ನಿಂಗಕ್ಕೆ ತಲೆ ಸಮ ಇದ್ದಾ ಇಲ್ಯಾ?" ಎಂದರು. ಕೊನೆಗೆ ದೀಪ ಹಚ್ಚಿಯೇ ಆಯಿತು. ಅದರ ಪಕ್ಕ ಬಟ್ಟೆಯ ಬ್ಯಾನರು ಇದ್ದದ್ದರಿಂದ ನಾನು ಕಾರ್ಯಕ್ರಮ ಮುಗಿಯುವ ತನಕ ಸಿಲಿಂಡರು ಹಿಡಿದು ದೀಪದ ಎದುರು ನಿಂತಿದ್ದೆ. ಪ್ರಶ್ನೋತ್ತರಕ್ಕೆ ಎದ್ದ ಒಬ್ಬರೇ ಒಬ್ಬರು ಕೇಳಿದ್ದು, "ಈ ಪುಡಿ ಅಡಿಕೆ ಕೊಳೆರೋಗಕ್ಕೆ ಹೊಡೆದ್ರೆ ಆಗ್ತಾ?" ಎಂದು.

ಇನ್ನು ನನ್ನ ಪಾಪದ ವಿಷಯಕ್ಕೆ ಬರುತ್ತೇನೆ. ಸಿದ್ದಾಪುರದ ದಾರಿಯಲ್ಲಿ ಒಂದು ಶಾಲೆ. ಹೆಸರು ಹೇಳುವುದಿಲ್ಲ, ತಪ್ಪು ಅವರದಲ್ಲ, ಪೂರಾ ನನ್ನದು. ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊಸತು, ಅಡುಗೆಮನೆಗೆ ಗ್ಯಾಸು ಬಂದಿತ್ತು. ಅಲ್ಲಿಯ ಹೆಡ್‌ಮಾಸ್ತರು ಜಾಗರೂಕ ಮನುಷ್ಯ. ಊರವರಿಂದ ವಂತಿಗೆ ಎತ್ತಿ ನನ್ನಿಂದ ಆರು ಸಿಲಿಂಡರು ಖರೀದಿಸಿದ್ದರು. ಆಗ ನಾನು ಹೋಗಿ ಶಿಕ್ಷಕರಿಗೂ ಅಡುಗೆಯವರಿಗೂ ತರಬೇತಿ ಕೊಟ್ಟು ಬಂದಿದ್ದೆ. ಮರುವರ್ಷ ಶ್ರಾವಣದಲ್ಲಿ ಪರೀಕ್ಷೆಗೆಂದು ಹೋದೆ. ಹೊರಗೆ ಜಡಿಮಳೆ. ಗೋಡೆ ಮುಟ್ಟಿದರೆ ಕೈಗೆ ನೀರು ಹತ್ತುತ್ತಿತ್ತು. ಇಂಥ ಥಂಡಿಯಲ್ಲಿ ಮುಚ್ಚಳ ತೆರೆದರೆ ಚೆನ್ನಾಗಿದ್ದ ಪುಡಿಗೂ ಪಸೆ ತಗಲುತ್ತದಲ್ಲ ಎಂದುಕೊಂಡೆ. ನೋಡಿ, ಆಲಸಿಗೆ ಕಾರಣಗಳು ಎಷ್ಟು ವೈಜ್ಞಾನಿಕವಾಗಿ ಹೊಳೆಯುತ್ತವೆ! ಹೆಡ್‌ಮಾಸ್ತರು ಕೊಟ್ಟ ಬಿಸಿ ಕಷಾಯ ಕುಡಿದೆ. ಒಂದೊಂದಕ್ಕೂ ಗಿಣ್ಣಿನಿಂದ ಬಡಿದೆ. ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಬಂದು ತೆರೆದು ನೋಡಿದರಾಯಿತು, ಸದ್ಯಕ್ಕೆ ಚೀಟಿ ಇರಲಿ ಎಂದು ಆರಕ್ಕೂ ಹಳದಿ ಚೀಟಿ ಹಚ್ಚಿ, ಸಹಿ ಹಾಕಿ, ಕೊಡೆ ಬಿಚ್ಚಿಕೊಂಡು ಬಂದೆ.

ದೀಪಾವಳಿ ಬಂತು, ಹೋಯಿತು. ಬಿಸಿಲೂ ಬಿತ್ತು. ನಾನು ಹೋಗಲಿಲ್ಲ. ಮರುವರ್ಷ ಮತ್ತೆ ಶ್ರಾವಣವೇ ಬಂತು, ಮತ್ತೆ ಕಷಾಯ, ಮತ್ತೆ ಚೀಟಿ. ಹಳೇ ಚೀಟಿಯ ಮೇಲೆ ಹೊಸ ಚೀಟಿ. ಆಮೇಲೆ ಆ ಶಾಲೆಯ ಎದುರು ಬಸ್ಸಿನಲ್ಲಿ ಹಾಯುವಾಗಲೆಲ್ಲ ನಾನು ಇನ್ನೊಂದು ಬದಿಯ ಕಿಟಕಿ ನೋಡತೊಡಗಿದೆ. ಮಧ್ಯಾಹ್ನದ ಹೊತ್ತಾದರೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿರುವುದು ಓರೆಗಣ್ಣಿಗೂ ಕಾಣುತ್ತಿತ್ತು. ಆ ಅಡುಗೆಮನೆಗೆ ಬೆಂಕಿ ಬಿದ್ದರೆ? ನನ್ನ ಸಹಿ ನಂಬಿ ಯಾರೋ ಸಿಲಿಂಡರು ಎತ್ತಿ, ಗುಂಡಿ ಒತ್ತಿ, ಒಳಗಿನಿಂದ ಏನೂ ಬರದಿದ್ದರೆ? ನಾಳೆ ಹೋಗಿಯೇ ಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ನಾಳೆ ಬಂದಾಗ, ಹೋದರೆ ಹೆಡ್‌ಮಾಸ್ತರು "ಮೊನ್ನೆಯಷ್ಟೇ ನೋಡಿದ್ರಲ್ಲ, ಮತ್ತೆ ಯಾಕೆ?" ಎಂದು ಕೇಳಿದರೆ ಏನು ಹೇಳುವುದು ಎಂದು ಹೆದರಿ ಕೂರುತ್ತಿದ್ದೆ. ಪುಕ್ಕಲನಿಗೆ ಬೆಂಕಿಗಿಂತ ಹೆಡ್‌ಮಾಸ್ತರ ಹೆದರಿಕೆ ಹೆಚ್ಚು.

ಹೀಗಿರುವಾಗ ಹುಬ್ಬಳ್ಳಿಯ ದೊಡ್ಡ ಸಂಘದಿಂದ ಕಾಗದ ಬಂತು. ನಮ್ಮ ಸಂಘಕ್ಕೆ ತರಬೇತಿ ಕೇಂದ್ರದ ಮಾನ್ಯತೆ ಕೊಡಬೇಕೆಂದಿದ್ದಾರೆ, ಅದಕ್ಕೆ ಮೊದಲು ಒಬ್ಬ ವೀಕ್ಷಕರು ಬಂದು ಯಾವುದಾದರೂ ಒಂದು ಜಾಗವನ್ನು ತಾವೇ ಆರಿಸಿ, ಅಲ್ಲಿಯ ಒಂದು ಸಿಲಿಂಡರನ್ನು ನಿಜವಾದ ಬೆಂಕಿಯ ಮೇಲೆ ಹೊಡೆಸಿ ನೋಡುತ್ತಾರೆ, ಅದು ನಡೆಯದಿದ್ದರೆ ಅದಕ್ಕೆ ಸಹಿ ಹಾಕಿದವನ ಹೆಸರು ಸಂಘದ ಪಟ್ಟಿಯಿಂದ ಹೊರಗೆ. ಓದಿ ಮುಗಿಸುವಷ್ಟರಲ್ಲಿ ಕಾಗದ ನನ್ನ ಕೈಬೆವರಿಗೆ ಮೆತ್ತಗಾಗಿತ್ತು. ನಾಯ್ಕರು ಯಲ್ಲಾಪುರದಿಂದ ಫೋನು ಮಾಡಿ, "ಭಟ್ರೇ, ನಂಗೆ ಚಿಂತೆ ಇಲ್ಲ ನೋಡಿ. ನೀವಿದ್ದೀರಿ. ಆ ಪುಸ್ತಕ ಬರ್ದವರೇ ನೀವಲ್ವಾ" ಎಂದರು. ಸರೋಜ ನನ್ನ ಮುಖ ನೋಡಿಯೇ ಹಿಡಿದುಬಿಟ್ಟಳು. ಎಲ್ಲ ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, "ಅಲ್ದಾ, ಮಕ್ಕಳು ಉಂಬ ಜಾಗ ಅದು. ನಿಂಗ ಇಷ್ಟು ದಿನ ಎಂತ ಮಾಡ್ತಾ ಇದ್ದಿದ್ರಿ?" ಎಂದಳು. "ಹೆದರ್ತಾ ಇದ್ದಿದ್ದೆ" ಎಂದೆ. "ಹೆದ್ರಿದ್ರೆ ಸಿಲಿಂಡರಿನ ಪುಡಿ ಸಮ ಆಗ್ತಿಲ್ಲೆ. ನಾಳೆ ಬೆಳಗ್ಗೆನೇ ಹೋಗಿ ಬಿಚ್ಚಿ ನೋಡಿ ಬನ್ನಿ" ಎಂದಳು.

ನಾನು ಹೋಗಿಯೇ ಹೋಗುತ್ತಿದ್ದೆ, ದೇವರಾಣೆ. ಆದರೆ ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ಎತ್ತುವಾಗಲೇ ಹಿಂದಿನಿಂದ, "ನಮಸ್ಕಾರ್ರೀ ಸೆಕ್ರೆಟರಿ ಸಾಹೇಬ್ರ!" ಎಂಬ ಧ್ವನಿ ಬಂತು. ವೀಕ್ಷಕರು! ಕಾಗದ ಅಂಚೆಯಲ್ಲಿ ತಡವಾಗಿತ್ತು, ಅವರು ಮೊದಲ ಬಸ್ಸಿಗೇ ಬಂದಿಳಿದಿದ್ದರು. ದಪ್ಪ ಮೀಸೆ, ನಗುಮುಖ, ಕೈಯಲ್ಲೊಂದು ಚೀಲ. "ರಜಿಸ್ಟರ್ ತಗೀರಿ, ಒಂದ್ ಜಾಗ ಆರ್ಸೂಣು" ಎಂದು ಕಣ್ಣುಮುಚ್ಚಿ ಪುಟದ ಮೇಲೆ ಬೆರಳಿಟ್ಟರು. ಆ ಪುಟದಲ್ಲಿ ಬ್ಯಾಂಕಿತ್ತು, ಸಿನಿಮಾ ಟಾಕೀಸಿತ್ತು, ಮೂರು ಸೊಸೈಟಿಗಳಿದ್ದವು. ಎಲ್ಲವನ್ನೂ ನಾನು ಕಣ್ಣಾರೆ ತೆರೆದು ನೋಡಿದ್ದೆ. ಬೆರಳು ಹೋಗಿ ಕೂತದ್ದು ಆ ಶಾಲೆಯ ಮೇಲೆ. "ಅಲ್ಲಿಗೆ ದಾರಿ ಸಮ ಇಲ್ಲೆ" ಎಂದೆ. "ಮಕ್ಕಳು ಹೋಗ್ತಾವಲ್ರೀ? ನಾವೂ ಹೋಗೂಣು ಬರ್ರಿ" ಎಂದರು. ಎತ್ತಿದ ಬಾಗಿಲನ್ನು ಮತ್ತೆ ಕೆಳಗೆ ಎಳೆದೆ.

ದಾರಿಯುದ್ದಕ್ಕೂ ಅವರು ಧಾರವಾಡದ ಪೇಢೆಯ ಬಗ್ಗೆ ಮಾತಾಡುತ್ತಿದ್ದರು, ನಾನು ಹೂಂ ಹೂಂ ಎನ್ನುತ್ತಿದ್ದೆ. ಬಸ್ಸು ಕೆಡಬಾರದೇ ಎಂದು ಹರಕೆ ಹೊತ್ತೆ. ಆ ದಾರಿಯಲ್ಲಿ ವಾರಕ್ಕೆರಡು ಸಲ ಕೆಡುವ ಬಸ್ಸು ಅಂದು ಗಡಿಯಾರದಂತೆ ಹೋಯಿತು. ಶಾಲೆಯಲ್ಲಿ ಹೆಡ್‌ಮಾಸ್ತರು ಎಂದಿನಂತೆ ಕಷಾಯ ತರಿಸಿದರು. ನಾನು ಲೋಟವನ್ನು ಹಾಗೇ ಕಟ್ಟೆಯ ಮೇಲಿಟ್ಟೆ. ಜಗಲಿಯ ಗೋಡೆಗೆ ಐದು ಸಿಲಿಂಡರು ಸಾಲಾಗಿ ತೂಗಿದ್ದವು. ಎದೆಮಟ್ಟದ ಎತ್ತರ, ಬಾಗಿಲಿನ ಹತ್ತಿರ, ಧೂಳಿಲ್ಲ, ಹಳದಿ ಚೀಟಿ ನೆಟ್ಟಗೆ. ವೀಕ್ಷಕರು ಫಾರಮು ತೆಗೆದು, "ಭೇಷ್! ಎತ್ತರ ಸರಿ, ಜಾಗಾ ಸರಿ, ಚೀಟಿ ಸರಿ" ಎನ್ನುತ್ತ ಗೀಟು ಹಾಕಿದರು. ನಾನು ಒಂದನ್ನು ಮೆಲ್ಲಗೆ ಓರೆ ಮಾಡಿದೆ. ಪುಡಿ ಸರಿಯಿದ್ದರೆ ಮರಳು ಜಾರಿದಂಥ ಸದ್ದು ಬರಬೇಕು. ಒಳಗೆ ಏನೋ ಒಂದು ಇಡಿಯಾಗಿ 'ಧಡ್' ಎಂದಿತು. ಪುಡಿ ಗಟ್ಟಿಯಾಗಿ ಕಲ್ಲಾಗಿತ್ತು.

"ಆರ್ನೇದು ಎಲ್ಲೈತ್ರೀ?" ಎಂದರು ವೀಕ್ಷಕರು. ಹೆಡ್‌ಮಾಸ್ತರು ತಲೆ ಕೆರೆದುಕೊಂಡು ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಗ್ಯಾಸಿನ ಒಲೆಯ ಆಚೆ, ನೀರು ಕಾಯಿಸುವ ಕಟ್ಟಿಗೆಯ ಒಲೆ ಇನ್ನೂ ಇತ್ತು. ಅದರ ಮೇಲೆ ಒಂದು ಬದಿಗೆ, ಮಳೆಗಾಲದಲ್ಲಿ ಉಪ್ಪಿನ ಮರಿಗೆ, ಬೆಂಕಿಪೊಟ್ಟಣ, ಹುಳಿಗೆ ಹಾಕುವ ಮುರುಗಲ ಸಿಪ್ಪೆ ಇಡುವ ಅಟ್ಟಣಿಗೆ. ಉಪ್ಪಿನ ಮರಿಗೆಯ ಪಕ್ಕದಲ್ಲಿ, ಹೊಗೆ ಹಿಡಿದು ಕರ್ರಗಾಗಿ, ನಮ್ಮ ಆರನೆಯ ಸಿಲಿಂಡರು ಮಲಗಿತ್ತು. ಅದರ ಚೀಟಿ ಹಳದಿಯೋ ಕಂದೋ ಗೊತ್ತಾಗುತ್ತಿರಲಿಲ್ಲ. ವೀಕ್ಷಕರ ಮೀಸೆ ನಡುಗಿತು. "ಎಪ್ಪಾ! ಒಲಿ ಮ್ಯಾಲ? ಯಾರ್ರೀ ಇಟ್ಟವರು ಇದನ್ನ?"

ಅಡುಗೆಯ ಗೌರಕ್ಕ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. ಹುಲಗೋಳದ ಹೆಣ್ಣುಮಗಳು, ನನ್ನ ತರಬೇತಿಯಲ್ಲಿ ಬಾಗಿಲ ಹತ್ತಿರ ನಿಂತು ಕೇಳಿದವಳು. "ಭಟ್ರು ಎರಡನೇ ಸಲ ಚೀಟಿ ಹಚ್ಚಿ ಹೋದ್ಮೇಲೆ ನಾನೇ ಇಟ್ಟದ್ದು. ಒಳಗೆ ಪುಡಿ ಅದೆ ಅಂತ ಈ ಭಟ್ರೇ ಹೇಳಿದ್ರಲ್ಲ? ಪುಡಿ ಅಂದ್ಮೇಲೆ ಮಳೆಗಾಲದಾಗೆ ಒಣಾ ಜಾಗದಾಗೆ ಇಡೂದಲ್ವಾ? ಗೋಡೆಗೆ ಹಾಕಿದ್ರೆ ಉಪ್ಪೇ ನೀರಾಗ್ತದೆ, ಇದು ಉಳೀತದಾ? ತಿಂಗಳಿಗೊಂದ್ಸಲ ಇಳಿಸಿ, ಉಪ್ಪಿನಕಾಯಿ ಭರಣಿ ಮಗುಚಿದ ಹಾಂಗೆ ಮಗುಚಿ ಇಡ್ತೆ" ಎಂದಳು. ವೀಕ್ಷಕರು ಅವಳಿಗೆ ಸ್ವಲ್ಪ ಗಟ್ಟಿಯಾಗಿಯೇ ಬುದ್ಧಿ ಹೇಳಿದರು. ಒಲೆಯ ಮೇಲೆ ಇಟ್ಟರೆ ಕಾದು ಸಿಡಿಯಬಹುದು, ಬೆಂಕಿ ಬಿದ್ದರೆ ಕೈಗೂ ಸಿಗುವುದಿಲ್ಲ. ಅದೆಲ್ಲ ನಿಜವೇ. ಫಾರಮಿನಲ್ಲಿ ಅಡುಗೆಮನೆಗೆ ಸೊನ್ನೆ ಬಿತ್ತು. ಆ ಹೊತ್ತಿನಲ್ಲಿ ಬೈಸಿಕೊಳ್ಳಬೇಕಾದವನು ನಾನು ಎಂಬುದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ.

ಆಮೇಲೆ ವೀಕ್ಷಕರು ಒಂದು ಲೆಕ್ಕಾಚಾರ ಮಾಡಿದರು. "ಹೊರಗಿನ ಐದೂ ಚಂದ ಅದಾವು, ಅವನ್ಯಾಕ ಹಾಳ ಮಾಡೂದು? ಇದು ಎಲ್ಲಾಕ್ಕಿಂತ ಕೆಟ್ಟದ್ದು. ಇದು ನಡದ್ರ ಎಲ್ಲಾ ನಡದಂಗ. ತರ್ರಿ ಇದನ್ನ!" ಮೈದಾನದ ನಡುವೆ ಒಂದು ಹಳೇ ಬಾಣಲೆಯಲ್ಲಿ ಡೀಸೆಲ್ಲು ಹೊಯ್ದು ಬೆಂಕಿ ಕೊಟ್ಟರು. ಮಕ್ಕಳನ್ನು ದೂರ ಕೂರಿಸಿದ್ದರು. ಕಪ್ಪು ಹೊಗೆ ಎದ್ದಿತು. ನಾನು ಸಿಲಿಂಡರು ಹಿಡಿದು ಬೆಂಕಿಯ ಎದುರು ನಿಂತೆ. ಇಷ್ಟು ವರ್ಷ ಎಷ್ಟು ಊರಲ್ಲಿ ಹೇಳಿಕೊಟ್ಟಿದ್ದೆ! ಆದರೂ ಗುಂಡಿಯ ಮೇಲೆ ಗುದ್ದಿದೆ, ಗುದ್ದಿದೆ, ಏನೂ ಆಗಲೊಲ್ಲದು. ಮುಗಿಯಿತು ನನ್ನ ಕತೆ ಎಂದುಕೊಳ್ಳುವಾಗ ಹಿಂದಿನಿಂದ ಗೌರಕ್ಕ ಕೂಗಿದಳು, "ಭಟ್ರೇ, ಪಿನ್ನು! ಪಿನ್ನು ಎಳೀರಿ! ನೀವೇ ಹೇಳಿಕೊಟ್ಟಿದ್ದಲ್ವಾ?" ಎಳೆದೆ. ಗುದ್ದಿದೆ. ಭುಸ್ಸೆಂದು ಬಿಳಿ ಮೋಡ ಎದ್ದು ಬಾಣಲೆಯನ್ನೂ ನನ್ನನ್ನೂ ಮುಚ್ಚಿತು. ಬೆಂಕಿ ಹೋಯಿತು. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದವು. ನನಗೆ ಅಳು ಬಂದಿತ್ತು. ಮುಖದ ಮೇಲೆ ಪುಡಿ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ. ವೀಕ್ಷಕರು ಫಾರಮಿನ ಕೆಳಗೆ "ಆರೂ ಸಿಲಿಂಡರು ಪಾಸು" ಎಂದು ಬರೆದು, ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಪಾಸಾದವನಿಗೆ ಇರಬೇಕಾದ ಸಂತೋಷ ನನಗೆ ಇರಲಿಲ್ಲ. ಜಗಲಿಯ ಮೇಲೆ ಐದು ಕೆಂಪು ಕಲ್ಲುಗಳು ತೂಗಿಕೊಂಡಿವೆ, ಈಗ ಅವಕ್ಕೆ ಹುಬ್ಬಳ್ಳಿಯ ಮುದ್ರೆಯೂ ಬಿದ್ದಿದೆ. ಬಸ್‌ಸ್ಟಾಪಿನಿಂದ ತಿರುಗಿ ಶಾಲೆಗೆ ಹೋದೆ. ಗೌರಕ್ಕ ಪಾತ್ರೆ ತೊಳೆಯುತ್ತಿದ್ದಳು. ಅವಳ ಎದುರು ನಿಂತು, "ಗೌರಕ್ಕಾ, ಆ ಐದನ್ನ ಆನು ತೆರೆದು ನೋಡಿದ್ದಿಲ್ಲೆ" ಎಂದೆ. ಅವಳು ತಲೆ ಎತ್ತಲಿಲ್ಲ. "ಗೊತ್ತದೆ. ನೀವು ಬಂದ್ರಿ, ಕಷಾಯ ಕುಡದ್ರಿ, ಚೀಟಿ ಹಚ್ಚಿದ್ರಿ, ಹೋದ್ರಿ. ಎರಡು ವರ್ಷನೂ ನೋಡಿದ್ದೆ. ಅದಕ್ಕೇ ನನ್ನ ಅಡುಗೆಮನೇದು ನಾನೇ ನೋಡ್ಕಂಡೆ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೇಳೆ ಸ್ವಲ್ಪ ಬೇಯಲಿಲ್ಲ ಎನ್ನುವ ಧಾಟಿಯಲ್ಲಿ ಹೇಳಿದಳು.

ಐದನ್ನೂ ಇಳಿಸಿದೆ. ಅವು ತಿರುಗಿ ಬರುವ ತನಕ ಇರಲೆಂದು ನನ್ನ ಅಂಗಡಿಯಿಂದ ಎರಡು ಹೊಸ ಸಿಲಿಂಡರು ತಂದಿಟ್ಟು, ಖಾಲಿಯಾದ ಆರನೆಯದರ ಬದಲು ಒಂದನ್ನು ಅಡುಗೆಮನೆಯ ಬಾಗಿಲ ಪಕ್ಕ ತೂಗಿದೆ. ಹೆಡ್‌ಮಾಸ್ತರಿಗೆ ಆಶ್ಚರ್ಯ. "ಈಗಷ್ಟೇ ಪಾಸಾಯ್ತಲ್ಲ ಭಟ್ರೇ, ಮತ್ತೆ ಯಾಕೆ ಒಯ್ತೀರಿ?" ಎಂದರು. ಇಷ್ಟು ದಿನ ನಾನು ಹೆದರಿದ್ದ ಪ್ರಶ್ನೆ ಕೊನೆಗೂ ಬಂದೇ ಬಂತು. "ಇನ್ನೂ ಒಂದ್ಸಲ ನೋಡುವಾ ಹೇಳಿ" ಎಂದು ತೊದಲಿದೆ. ಅವರು ಇದನ್ನು ನನ್ನ ಕರ್ತವ್ಯನಿಷ್ಠೆ ಎಂದು ತಿಳಿದುಬಿಟ್ಟರು! ಪಾಸಾದ ಸಿಲಿಂಡರುಗಳನ್ನೂ ಒಯ್ದು ಪರೀಕ್ಷಿಸುವ ಇಂಥ ಕಾರ್ಯದರ್ಶಿ ಬೇರೆಲ್ಲೂ ಸಿಗಲಿಕ್ಕಿಲ್ಲ ಎಂದು ಹುಬ್ಬಳ್ಳಿಗೆ ಎರಡು ಪುಟ ಪತ್ರ ಬರೆದರು. ಹುಬ್ಬಳ್ಳಿಯವರು ಅದನ್ನು ನಾಯ್ಕರಿಗೆ ಕಳಿಸಿ, ಮಾನ್ಯತೆಯ ಪತ್ರ ಕೊಡುವ ದಿನವೇ ನನಗೂ ಸನ್ಮಾನ ಆಗಬೇಕೆಂದರು. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತಿತ್ತು. ಉಗುಳಲೂ ಆಗದು, ನುಂಗಲೂ ಆಗದು. "ಮಾಡಿದ್ದುಣ್ಣೋ ಮಾರಾಯಾ ಅಂದ್ರೆ ಇದೇಯಾ?" ಎಂದಳು ಸರೋಜ.

ಸನ್ಮಾನ ನಡೆದದ್ದು ಅದೇ ಶಾಲೆಯ ಮೈದಾನದಲ್ಲಿ. ನಾಯ್ಕರು ಶಾಲು ಹೊದಿಸಿದರು, ಹೆಗಡೆಯವರು ಹಾರ ಹಾಕಿದರು, ಹುಬ್ಬಳ್ಳಿಯ ಮೀಸೆಯವರು ನನ್ನ ಪ್ರಾಮಾಣಿಕತೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಆ ಹೊತ್ತಿಗೆ ಐದೂ ಸಿಲಿಂಡರು ಹೊಸ ಚೀಟಿ ಹಚ್ಚಿಕೊಂಡು ಜಗಲಿಗೆ ವಾಪಸು ಬಂದಿದ್ದವು. ಕಾರ್ಯಕ್ರಮ ಮುಗಿದು ಜನ ಚದುರಿದ ಮೇಲೆ ಗೌರಕ್ಕ ಬಂದಳು. ನನ್ನ ಶಾಲನ್ನು ಒಮ್ಮೆ ನೋಡಿದಳು, ಜಗಲಿಯ ಕಡೆ ಒಮ್ಮೆ ನೋಡಿದಳು.

"ಈ ಸಲ ಎಲ್ಲಾ ತೆರೆದು ನೋಡಿದ್ರಿ ಅಲ್ವಾ ಭಟ್ರೇ?"

ಹೌದು ಎನ್ನಲು ಬಾಯಿ ತೆರೆದೆ. ನಿಜ ಹೇಳಬೇಕೆಂದರೆ ನಾಲ್ಕನ್ನು ತೆರೆದಿದ್ದೆ. ನಾಲ್ಕರಲ್ಲೂ ಪುಡಿ ಬೆಲ್ಲದಚ್ಚಿನ ಹಾಗೆ ಇಡಿಯಾಗಿ ಹೊರಬಿದ್ದಿತ್ತು, ಎಲ್ಲ ಬದಲಿಸಿದ್ದೆ. ಐದನೆಯದರ ಮುಚ್ಚಳ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ತಿರುಗಲಿಲ್ಲ. ಎರಡು ದಿನ ಗುದ್ದಾಡಿದೆ. ಅಷ್ಟರಲ್ಲಿ ಸನ್ಮಾನದ ದಿನ ಬಂತು, ಗೋಡೆ ಖಾಲಿ ಕಾಣಬಾರದು ಎಂದು ಹೆಡ್‌ಮಾಸ್ತರು ಫೋನು ಮಾಡಿದರು, ಕಾರ್ಯಕ್ರಮ ಮುಗಿದ ಮೇಲೆ ನೋಡಿದರಾಯಿತು ಎಂದು...

"ನಾಲ್ಕು ನೋಡಿದ್ದೆ" ಎಂದೆ.

"ಐದನೇದು?"

"ಮುಚ್ಚಳ ತಿರುಗಿದ್ದಿಲ್ಲೆ."

"ಹಾಂಗಾದ್ರೆ ಚೀಟಿ ಯಾಕೆ ಹಚ್ಚಿದ್ರಿ?"

ಇಷ್ಟು ದಪ್ಪ ಪುಸ್ತಕವನ್ನು ಕನ್ನಡಕ್ಕೆ ತಂದವನು ನಾನು. ಅವಳು ಕೇಳಿದ್ದು ಅದರದೇ ಏಳನೆಯ ಕಲಮು. ಸನ್ಮಾನಿತನಾದ ನಾನು ಶಾಲು ಹೊದ್ದುಕೊಂಡೇ ಜಗಲಿ ಹತ್ತಿ, ಐದನೆಯ ಸಿಲಿಂಡರನ್ನು ಗೋಡೆಯಿಂದ ಇಳಿಸಿ, ಅಲ್ಲೇ ನಿಂತು ಉಗುರಿನಿಂದ ನನ್ನ ಸಹಿಯ ಚೀಟಿ ಕೆರೆಯತೊಡಗಿದೆ. ಮಳೆಗಾಲದಲ್ಲೂ ಚೀಟಿ ಕಳಚದಿರಲಿ ಎಂದು ನಾನೇ ಹುಡುಕಿ ತರಿಸಿದ ಅಂಟು ಬಹಳ ಒಳ್ಳೆಯದಿತ್ತು, ಸುಲಭಕ್ಕೆ ಬಿಡಲಿಲ್ಲ.